'ಆಮೇಲೆ' ಒತ್ತಿದ್ದೀರಾ? ಅದು 'ಬೇಡ' ಅಂತ ಅಲ್ಲ, ಹುಷಾರು

ನನ್ನದು ನಾಲ್ಕು ವರ್ಷದ ಹಳೆಯ ಆಂಡ್ರಾಯ್ಡ್ ಫೋನ್. ಕಂಪನಿ ಹೆಸರು ಬೇಡ ಬಿಡಿ. ಎರಡು ವಾರದಿಂದ ದಿನಾ ಒಂದೇ ಕಾಟ: 'ಹೊಸ ಅಪ್‌ಡೇಟ್ ಬಂದಿದೆ'. ಕೆಳಗೆ ಎರಡೇ ಬಟನ್. 'ಈಗಲೇ', ಇಲ್ಲಾ 'ಆಮೇಲೆ'. 'ಬೇಡ' ಅನ್ನೋದು ಇಲ್ಲವೇ ಇಲ್ಲ. ನಾನು ಸುಮ್ನೆ 'ಆಮೇಲೆ' ಒತ್ತುತ್ತಾ ಬಂದೆ. ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ 'ರಾತ್ರಿ 2ರಿಂದ 5ರೊಳಗೆ ಇನ್‌ಸ್ಟಾಲ್ ಆಗುತ್ತದೆ' ಅಂತ ಬರೆದು, ಮೊದಲೇ ಟಿಕ್ ಹಾಕಿಟ್ಟಿದ್ದರು. ನೋಡಿರಲಿಲ್ಲ.

ಮರುದಿನ ದಾವಣಗೆರೆಯಿಂದ ಬೆಂಗಳೂರಿಗೆ ಬೆಳಗಿನ ರೈಲು. ನಾಲ್ಕೂವರೆಗೆ ಅಲಾರಂ ಇಟ್ಟು, ಫೋನ್ ಚಾರ್ಜಿಗೆ ಹಾಕಿ ಮಲಗಿದೆ. ಅಲಾರಂ ಹೊಡೆಯಲಿಲ್ಲ. ಅಮ್ಮ ಎಬ್ಬಿಸಿದಾಗ ನೋಡಿದರೆ ಪರದೆಯ ಮೇಲೆ ಕಂಪನಿಯ ಲೋಗೋ ಸುಮ್ಮನೆ ಮಿನುಗುತ್ತಿದೆ! ಟಿಕೆಟ್ ಅದರೊಳಗೇ ಇತ್ತು. ಅಂತೂ ಫೋನ್ ಆನ್ ಆದಾಗ ರೈಲು ಹೋಗಿಯಾಗಿತ್ತು.

ಬಸ್ಸಿನಲ್ಲಿ ಹೋದೆ. ಫೋನ್ ಕೈ ಸುಡುವಷ್ಟು ಬಿಸಿ, ಮಧ್ಯಾಹ್ನಕ್ಕೆ ಬ್ಯಾಟರಿ ಶೇ 9. ಯುಪಿಐ ಆ್ಯಪ್ ಮತ್ತೆ ನಂಬರ್ ಪರಿಶೀಲನೆ ಕೇಳಿತು, ಮೆಸೇಜ್ ಹೋಗಲಿಲ್ಲ. ಟೀ ಅಂಗಡಿಯವರು "ನಾಳೆ ಕೊಡಿ ಬಿಡಿ ಸಾರ್" ಅಂದರು. ನಾಳೆ ನಾನೆಲ್ಲಿ ಅವರೆಲ್ಲಿ!

ಸರ್ವೀಸ್ ಸೆಂಟರ್‌ನಲ್ಲಿ "ಎರಡು ದಿನ ನೋಡಿ, ಸರಿ ಹೋಗುತ್ತೆ" ಅಂದರು. ಅದು ಪೂರ್ತಿ ಸುಳ್ಳೂ ಅಲ್ಲ. ದೊಡ್ಡ ಅಪ್‌ಡೇಟ್ ಆದ ಮೇಲೆ ಫೋನ್ ತೆರೆಮರೆಯಲ್ಲೇ ಎಲ್ಲ ಆ್ಯಪ್‌ಗಳನ್ನೂ ಹೊಸದಕ್ಕೆ ಹೊಂದಿಸುತ್ತಿರುತ್ತದೆ. ಆದರೆ ನನ್ನದು ವಾರವಾದರೂ ಆಮೆಯೇ. ಹಳೆಯ ವರ್ಷನ್ ಹಾಕಿಕೊಡಿ ಅಂದೆ. ಆಗಲ್ಲವಂತೆ. ಹೌದು, ಈಗಿನ ಎಷ್ಟೋ ಫೋನ್‌ಗಳಲ್ಲಿ ಹಿಂದಕ್ಕೆ ಹೋಗದಂತೆ ಬೀಗ ಇರುತ್ತದೆ. ಹೋಗಲು ಆದರೂ ಸಾಮಾನ್ಯವಾಗಿ ಫೋನಿನಲ್ಲಿರುವುದೆಲ್ಲ ಅಳಿಸಿ ಹೋಗುತ್ತದೆ.

ಇಟಲಿಯವರು ಇದನ್ನು ಸುಮ್ಮನೆ ಬಿಡಲಿಲ್ಲ. 2018ರಲ್ಲಿ ಅಲ್ಲಿನ ಸ್ಪರ್ಧಾ ಪ್ರಾಧಿಕಾರ ಆಪಲ್‌ಗೆ 1 ಕೋಟಿ ಯೂರೋ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೋ ದಂಡ ಹಾಕಿತು. ಹಳೆಯ ಫೋನ್ ತಾಳಲಾರದಂಥ ಅಪ್‌ಡೇಟನ್ನು ಹಾಕಿಕೊಳ್ಳಿ ಅಂತ ಜನರ ಹಿಂದೆ ಬಿದ್ದಿದ್ದೇ ಮುಖ್ಯ ದೂರು.

ಹಾಗಂತ ಅಪ್‌ಡೇಟೇ ಬೇಡ ಅನ್ನುತ್ತಿಲ್ಲ. ಫೋನಿನ ಸುರಕ್ಷತೆಯ ಲೋಪ ಮುಚ್ಚುವ ಸೆಕ್ಯುರಿಟಿ ಪ್ಯಾಚ್ ಬೇಕೇ ಬೇಕು, ಬ್ಯಾಂಕ್ ಆ್ಯಪ್ ಇಟ್ಟುಕೊಂಡವರಿಗಂತೂ. ಆದರೆ ಯಾವಾಗ ಅನ್ನೋದು ನಮ್ಮ ಕೈಯಲ್ಲಿರಲಿ. ಫೋಟೋಗಳನ್ನು ಬೇರೆ ಕಡೆ ಇಟ್ಟುಕೊಂಡು, ಕೆಲಸವಿಲ್ಲದ ಹಗಲು ಹೊತ್ತು ಮಾಡಿ. ಎಷ್ಟೋ ಆಂಡ್ರಾಯ್ಡ್ ಫೋನ್‌ಗಳಲ್ಲಿ ಸೆಟ್ಟಿಂಗ್ಸ್‌ನ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ಅನ್ನೋ ಅಡಗಿದ ಮೆನು ತೆರೆಯುತ್ತದೆ. ಅಲ್ಲಿ 'ಆಟೋಮ್ಯಾಟಿಕ್ ಸಿಸ್ಟಮ್ ಅಪ್‌ಡೇಟ್ಸ್' ಆಫ್ ಮಾಡಿ, ಉಳಿದದ್ದನ್ನು ಮುಟ್ಟಬೇಡಿ. ಐಫೋನ್‌ನಲ್ಲಿ ಜನರಲ್, ಸಾಫ್ಟ್‌ವೇರ್ ಅಪ್‌ಡೇಟ್, ಅದರೊಳಗೆ ಆಟೋಮ್ಯಾಟಿಕ್ ಅಪ್‌ಡೇಟ್ಸ್.

ಊರಿಗೆ ಬಂದ ಮೇಲೆ ಅಮ್ಮನ ಫೋನ್ ತೆಗೆದು ನೋಡಿದೆ. ಅಲ್ಲೂ ರಾತ್ರಿ 2 ಗಂಟೆಗೆ ಟಿಕ್ ಬಿದ್ದಿತ್ತು.