ಪೋರ್ಚುಗಲ್‌ನ ಪೋರ್ತೊದಿಂದ ಒಂದು ದಿನ: ರೆಗುವಾದಲ್ಲಿ ಇಳಿಯಬೇಕೋ, ಪಿನ್ಯಾಂವ್‌ನಲ್ಲೋ?

ಸ್ಟೇಷನ್ ನೋಡುವುದೇ ಮುಖ್ಯ ಅಂದರೆ ಪಿನ್ಯಾಂವ್. ಡೌರೊ ನದಿ ಪಕ್ಕದ ಈ ಪುಟ್ಟ ನಿಲ್ದಾಣದ ಗೋಡೆಗಳಲ್ಲಿ 1937ರ ನೀಲಿ-ಬಿಳಿ ಟೈಲ್ಸ್ ಚಿತ್ರಗಳಿವೆ. ದ್ರಾಕ್ಷಿ ಕೊಯ್ಲು, ಬುಟ್ಟಿ ಹೊತ್ತ ಆಳುಗಳು, ಗುಡ್ಡದ ಮೆಟ್ಟಿಲು ತೋಟಗಳು. ಪ್ಲಾಟ್‌ಫಾರ್ಮ್‌ನಲ್ಲೇ ನಿಂತು ನೋಡಬಹುದು, ಖರ್ಚಿಲ್ಲ.

ಸಮಯ ಕಡಿಮೆಯಿದ್ದರೆ ರೆಗುವಾ. ರೈಲಿನಲ್ಲಿ ಸುಮಾರು ಎರಡು ಗಂಟೆ. ಪಿನ್ಯಾಂವ್‌ಗೆ ಇನ್ನೂ ಅರ್ಧ ಗಂಟೆ ಬೇಕು, ರೈಲುಗಳೂ ಕಡಿಮೆ. ವಾಪಸ್ ರೈಲಿನ ಟೈಮ್ ಮೊದಲೇ ನೋಡಿಕೊಳ್ಳಿ. ಮಳೆಯಿದ್ದರೂ ರೆಗುವಾನೇ ವಾಸಿ, ಅಲ್ಲಿ ಡೌರೊ ಮ್ಯೂಸಿಯಂ ಇದೆ. ಊರು ಮಾತ್ರ ಸ್ವಲ್ಪ ಸಪ್ಪೆ.

ಆದರೆ ಆ ಕೊನೆಯ ಅರ್ಧ ಗಂಟೆ ಹಳಿ ನೀರಿನ ಅಂಚಲ್ಲೇ ಓಡುತ್ತೆ. ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ. ಕಾಲುನೋವಿನ ಹಿರಿಯರಿದ್ದರೆ ಪಿನ್ಯಾಂವ್ ಅನುಕೂಲ, ದೋಣಿಕಟ್ಟೆ ಸ್ಟೇಷನ್‌ಗೆ ಹತ್ತಿರ.