ಹಳೆ ಏರ್‌ಸ್ಟ್ರೀಮ್‌ಗೆ ಬಿಡಿಭಾಗ: ಗುಜರಿಯದೋ, ಹೊಸದೋ?

ಅಮೆರಿಕದಲ್ಲಿ 60ರ ದಶಕದ ಏರ್‌ಸ್ಟ್ರೀಮ್ ಟ್ರೈಲರ್ (ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ, ಒಳಗೆ ಉಳಿದುಕೊಳ್ಳಬಹುದಾದ ಅಲ್ಯೂಮಿನಿಯಂ ಗಾಡಿ) ಕೊಂಡು ರಿಪೇರಿಗೆ ಕೈ ಹಾಕಿದ್ದೀರಾ? ಬಿಡಿಭಾಗಕ್ಕೆ ಎರಡು ದಾರಿ. ಅದೇ ಕಾಲದ ಇನ್ನೊಂದು ಕೆಟ್ಟ ಟ್ರೈಲರ್‌ನಿಂದ ಬಿಚ್ಚಿ ತರುವುದು, ಇಲ್ಲವೇ ಹೊಸದು ಕೊಳ್ಳುವುದು.

ಕಿಟಕಿಗೆ ನನ್ನ ಓಟು ಗುಜರಿಗೇ. 1966ರಿಂದ 68ರವರೆಗಿನ ಮಾಡೆಲ್‌ಗಳಲ್ಲಿ ಗಾಜು ಬಾಗಿರುತ್ತದೆ. ಅಂಗಡಿಯಲ್ಲಿ ಚಪ್ಪಟೆ ಗಾಜು ಕತ್ತರಿಸಿ ತಂದರೆ ಕೂರುವುದಿಲ್ಲ. ಬಾಗಿಲ ಹಿಡಿಯೂ ಹಳೆಯದೇ ಚೆಂದ. ಸುತ್ತಲಿನ ರಬ್ಬರ್ ಬೀಡಿಂಗ್ ಮಾತ್ರ ಹೊಸದು ತನ್ನಿ.

ಆಕ್ಸಲ್? ಹಳೆಯದು ಬೇಡವೇ ಬೇಡ, ಪುಕ್ಕಟೆ ಕೊಟ್ಟರೂ. ಆ ಕಾಲದ ಹೆಚ್ಚಿನವುಗಳಲ್ಲಿ ಸ್ಪ್ರಿಂಗ್ ಪಟ್ಟಿ ಇರುವುದಿಲ್ಲ, ಅದರ ಬದಲು ಕೊಳವೆಯೊಳಗೆ ರಬ್ಬರ್ ಕಡ್ಡಿಗಳಿರುತ್ತವೆ. ಗಾಡಿ ಸುಮ್ನೆ ನಿಂತಿದ್ದರೂ ರಬ್ಬರ್ ಗಟ್ಟಿಯಾಗುತ್ತದೆ. ಬಗ್ಗಿ, ಚಕ್ರವನ್ನು ಆಕ್ಸಲ್‌ಗೆ ಜೋಡಿಸುವ, ಚಕ್ರದ ಹಿಂದಿನ ತೋಳನ್ನು ನೋಡಿ. ಕೆಳಮುಖವಾಗಿದ್ದರೆ ಜೀವ ಇದೆ, ಮೇಲಕ್ಕೆ ತಿರುಗಿದ್ದರೆ ಕಥೆ ಮುಗೀತು ಅಂತಲೇ ಲೆಕ್ಕ. ಗುಜರಿಯದಕ್ಕೂ ಅಷ್ಟೇ ವಯಸ್ಸು, ಅಲ್ವಾ? ಹೊಸದನ್ನು ಅಳತೆ ಕೊಟ್ಟು ಮಾಡಿಸಬೇಕು, ಖರ್ಚು ಜಾಸ್ತಿ. ಆ ಅಳತೆಯನ್ನು ಎರಡು ಸಲ ತೆಗೆಯಿರಿ.

ಗ್ಯಾಸ್ ರೆಗ್ಯುಲೇಟರ್, ಬ್ರೇಕ್ ವೈರಿಂಗ್: ಯೋಚನೆಯೇ ಬೇಡ, ಹೊಸದು.