ಆಲೋಸ್ ‘ಹಾಕಾ’ ಆಲ್ಟೊ ರೆಕಾರ್ಡರ್: ದಾವಣಗೆರೆ ಬಿಸಿಲಿಗೆ ಮರವೋ, ಪ್ಲಾಸ್ಟಿಕ್ಕೋ?

ದಾವಣಗೆರೆಯ ವಾದ್ಯದಂಗಡಿಯಲ್ಲಿ ರೆಕಾರ್ಡರ್, ಅಂದರೆ ನೆಟ್ಟಗೆ ಹಿಡಿದು ಊದುವ ಪಾಶ್ಚಾತ್ಯ ಕೊಳಲು, ಕೇಳಿದರೆ ಶಾಲಾ ಮಕ್ಕಳು ಊದುವ ಚಿಕ್ಕ ಸೊಪ್ರಾನೊವನ್ನೇ ತೆಗೆದಿಡುತ್ತಾರೆ. ಹದಿನೆಂಟನೇ ಶತಮಾನದ ಹ್ಯಾಂಡೆಲ್, ಟೆಲಿಮಾನ್ ಬರೆದ ಸೊನಾಟಾ ಎಂಬ ವಾದ್ಯಕೃತಿಗಳನ್ನು ನುಡಿಸಬೇಕೆಂದರೆ ಅದು ಸಾಲದು, ಅದಕ್ಕಿಂತ ದೊಡ್ಡದಾದ, ತಗ್ಗು ಸ್ಥಾಯಿಯ ಆಲ್ಟೊ ಬೇಕು. ಬೆಂಗಳೂರಿನಿಂದಲೋ ಆನ್‌ಲೈನ್‌ನಲ್ಲೋ ತರಿಸಬಹುದಾದ ಆಲ್ಟೊಗಳಲ್ಲಿ ಜಪಾನಿನ ಆಲೋಸ್ ಕಂಪನಿಯ 709ಬಿ, ಅಂದರೆ ‘ಹಾಕಾ’ ಮಾದರಿ, ನಮ್ಮ ಕಡೆಯ ಹವೆಗೆ ಮೊದಲ ಆಯ್ಕೆ. ಪ್ಲಾಸ್ಟಿಕ್ ಎಂದು ಮೂಗು ಮುರಿಯುವವರು ಹಳೆಯ ಮರದ ವಾದ್ಯಗಳಿಗೆ ಏನಾಗಿದೆ ಎಂಬುದನ್ನು ಒಮ್ಮೆ ನೋಡಬೇಕು.

ಈ ಮಾದರಿಗೆ ಹೆಸರು ಬಂದಿರುವುದು ರಿಚರ್ಡ್ ಹಾಕಾ ಎಂಬ ವಾದ್ಯ ಕುಶಲಿಯಿಂದ. ಆತ ಹುಟ್ಟಿದ್ದು ಲಂಡನ್ನಿನಲ್ಲಿ, ಅಂಗಡಿ ಇಟ್ಟದ್ದು ಆಮ್‌ಸ್ಟರ್‌ಡ್ಯಾಮಿನಲ್ಲಿ, ತೀರಿಕೊಂಡದ್ದು 1705ರಲ್ಲಿ. 1685ರಲ್ಲಿ ಸ್ವೀಡನ್ನಿನ ನೌಕಾಪಡೆಗೆ ಆತ ವಾದ್ಯಗಳನ್ನು ಒದಗಿಸಿದ ಲೆಕ್ಕದ ಬಿಲ್ ಇಂದಿಗೂ ಉಳಿದಿದೆ. ಯಾನ್ ಸ್ಟೇನ್‌ಬರ್ಗನ್‌ನಂಥ ಶಿಷ್ಯರ ಮೂಲಕ ಆತನ ಕಸುಬು ಮುಂದಿನ ತಲೆಮಾರಿಗೂ ಹರಿಯಿತು. ಅದೇ ಕಾಲಕ್ಕೆ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಯೋಹಾನ್ ಕ್ರಿಸ್ಟೋಫ್ ಡೆನ್ನರ್ (1655–1707), ಆಮೇಲೆ ಆತನ ಮಗ ಯಾಕೋಬ್, ಬ್ರಸೆಲ್ಸ್‌ನಲ್ಲಿ ರೋಟನ್‌ಬರ್ಗ್, ಲಂಡನ್ನಿನಲ್ಲಿ ಸ್ಟೇನ್ಸ್‌ಬಿ ಅಪ್ಪ-ಮಗ ಕೆಲಸ ಮಾಡುತ್ತಿದ್ದರು. ಫ್ರಾನ್ಸಿನಿಂದ ಲಂಡನ್ನಿಗೆ ಬಂದು ನೆಲೆಸಿದ ಪೀಟರ್ ಬ್ರೆಸಾನ್ ಇವರೆಲ್ಲರಿಗೂ ಸರಿಸಾಟಿ. ಆತ ಮಾಡಿದ ನಾಲ್ಕು ಅಳತೆಯ ನಾಲ್ಕು ರೆಕಾರ್ಡರ್‌ಗಳ ಒಂದು ಪೂರ್ತಿ ಸೆಟ್ಟು ಇಂಗ್ಲೆಂಡಿನ ಚೆಸ್ಟರ್ ಊರಿನ ಗ್ರೋವ್ನರ್ ಮ್ಯೂಸಿಯಮ್ಮಿನಲ್ಲಿದೆ. ಒಬ್ಬನೇ ಕುಶಲಿಯ ಕೈಯ ಇಂಥ ಸೆಟ್ಟು ಸಿಗುವುದು ಬಹಳ ಅಪರೂಪ.

ಉಳಿದಿವೆ ಎಂದ ಮಾತ್ರಕ್ಕೆ ಅವು ಅಂದು ನುಡಿದಂತೆಯೇ ಇಂದೂ ನುಡಿಯುತ್ತವೆ ಎಂದಲ್ಲ. ಆ ವಾದ್ಯಗಳ ಬಾಕ್ಸ್‌ವುಡ್ ಗಟ್ಟಿ ಮರವೇ, ಆದರೂ ಮುನ್ನೂರು ವರ್ಷದಲ್ಲಿ ಅಡ್ಡಕ್ಕೆ ಹೆಚ್ಚು, ಉದ್ದಕ್ಕೆ ಕಡಿಮೆ ಕುಗ್ಗುತ್ತದೆ. ದುಂಡಗೆ ಕೊರೆದ ಒಳಕೊಳವೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಊದಿದ ಉಸಿರು ಹಾಯುವ ಸಂದಾದ ಗಾಳಿದಾರಿಗೆ ತಳವಾಗಿ ಕೂರಿಸಿದ ಸೀಡರ್ ಮರದ ತುಂಡು, ಅಂದರೆ ಬ್ಲಾಕ್, ತೇವ ಕುಡಿದು ಉಬ್ಬುತ್ತದೆ. ಎಷ್ಟೋ ವಾದ್ಯಗಳಲ್ಲಿ ಅದನ್ನು ಬದಲಿಸಿಯೂ ಆಗಿದೆ. ಶ್ರುತಿ ಏರಿಸಲೆಂದು ಕೊಳವೆಯನ್ನೇ ಕತ್ತರಿಸಿ ಗಿಡ್ಡ ಮಾಡಿದವೂ ಇವೆ. ಹೀಗಾಗಿ ಮೂಲದ ತದ್ರೂಪು ಎಂದು ಮಾರುವ ಯಾವ ವಾದ್ಯದ ಹಿಂದೆಯೂ ಮಾಡಿದವನ ಒಂದಿಷ್ಟು ಊಹೆ ಇದ್ದೇ ಇರುತ್ತದೆ.

ಆಲೋಸ್ ಹಾಕಾ ಹಳೆಯದರಿಂದ ತೆಗೆದುಕೊಂಡಿರುವುದು ಮೂರು ಭಾಗದ ಕಟ್ಟು, ಕೆಳಗೆ ಹೋದಂತೆ ಕಿರಿದಾಗುವ ಒಳಕೊಳವೆ, ಕಮಾನಿನಂತೆ ಬಾಗಿದ ಗಾಳಿದಾರಿ. ಈ ಬಾಗು ಇರುವುದರಿಂದಲೇ ಉಸಿರಿಗೆ ಹಿತವಾದ ತಡೆ ಸಿಗುತ್ತದೆ, ಕೆಳಸ್ಥಾಯಿಯ ನಾದ ತುಂಬಿಕೊಂಡು ಬರುತ್ತದೆ. ಬಿಟ್ಟಿರುವುದು ಹಳೆಯ ಶ್ರುತಿ. ಬ್ರೆಸಾನನ ಆಲ್ಟೊಗಳಲ್ಲಿ ‘ಎ’ ಸ್ವರ 405 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ಆಲೋಸ್ ಹಾಕಾ ಇಂದಿನ 440ರ ಲೆಕ್ಕದ್ದು, ಅಂದರೆ ಸುಮಾರು ಒಂದೂವರೆ ಅರೆಸ್ವರ ಮೇಲೆ. ಕೀಬೋರ್ಡ್ ಜೊತೆ ನುಡಿಸುವವರಿಗೆ ಅದೇ ಅನುಕೂಲ. ಕೊನೆಯ ಎರಡು ತೂತುಗಳು ಜೋಡಿ ತೂತುಗಳು, ಕೆಳಗಿನ ಅರೆಸ್ವರಗಳು ಸ್ಪಷ್ಟವಾಗಿ ಬರಲೆಂದು. ಹಳೆಯ ವಾದ್ಯಗಳಲ್ಲಿ ಸಾಮಾನ್ಯವಾಗಿ ಒಂಟಿ ತೂತೇ ಇರುತ್ತದೆ. ಕೊಳಲು ಕಲಿತವರು ಇಲ್ಲಿ ತೊಡಕು ಕಾಣುತ್ತಾರೆ: ಜಾರು ಎಳೆಯುವಾಗ ಬೆರಳು ಜೋಡಿ ತೂತಿನ ನಡುವಿನ ಗೋಡೆಗೆ ತಾಗಿ ಸ್ವರ ಮೆಟ್ಟಿಲಾಗಿ ಒಡೆಯುತ್ತದೆ. ಮೇಲಿನ ಐದು ತೂತುಗಳಲ್ಲಿ ಈ ತೊಂದರೆ ಇಲ್ಲ.

ಕೊಳಲಿನವರಿಗೆ ಇನ್ನೊಂದು ಮಾತು. ಕೊಳಲಿನಲ್ಲಿ ತುಟಿಯ ಕೋನ ತಿರುಗಿಸಿ ಶ್ರುತಿ ಸರಿಮಾಡಿಕೊಳ್ಳಬಹುದು; ರೆಕಾರ್ಡರ್‌ನಲ್ಲಿ ಆ ಅವಕಾಶವೇ ಇಲ್ಲ. ಜೋರಾಗಿ ಊದಿದರೆ ಶ್ರುತಿ ಏರುತ್ತದೆ, ಮೆಲ್ಲಗೆ ಊದಿದರೆ ಇಳಿಯುತ್ತದೆ. ಎಲ್ಲ ತೂತು ಮುಚ್ಚಿದರೆ ಬರುವುದು ಹಾರ್ಮೋನಿಯಂನ ಬಿಳಿ ನಾಲ್ಕು, ಅಂದರೆ ‘ಎಫ್’. ಮೇಲಿನ ಸ್ಥಾಯಿಗೆ ಹೆಬ್ಬೆರಳ ತೂತನ್ನು ಉಗುರಿನ ಅಂಚಿನಷ್ಟೇ ತೆರೆಯಬೇಕು. ಹೆಚ್ಚು ತೆರೆದರೆ ಸ್ವರ ನಿಲ್ಲದೆ ಕೀರಲಾಗುತ್ತದೆ.

ಬೇಸಿಗೆಯ ವಿಷಯಕ್ಕೆ ಬರೋಣ. ಮಾರ್ಚಿನಿಂದ ಮೇವರೆಗಿನ ಒಣಬಿಸಿಲು, ಜೂನ್ ನಂತರದ ತೇವ, ಈ ಏರಿಳಿತದಲ್ಲೇ ಮರ ಸೀಳುತ್ತದೆ. ಹೆಚ್ಚಾಗಿ ಸೀಳುವುದು ಒಂದು ಭಾಗ ಇನ್ನೊಂದರೊಳಗೆ ಕೂರುವ ಜಾಗದಲ್ಲಿ. ಹಳೆಯ ಕುಶಲಿಗಳು ಅಲ್ಲಿ ದಂತದ ಬಳೆ ಕೂರಿಸುತ್ತಿದ್ದುದಕ್ಕೆ ಅಂದದಷ್ಟೇ ಈ ಭಯವೂ ಕಾರಣ. ಮರದ್ದೇ ಬೇಕೆನ್ನುವವರು ಪ್ಯಾರಾಫಿನ್ ಮೇಣ ಉಣಿಸಿದ ಪೇರ್ ಅಥವಾ ಮೇಪಲ್ ಮರದ್ದನ್ನು ನೋಡಲಿ; ಮೋಯ್ಕ್ ಕಂಪನಿಯ ರೋಟನ್‌ಬರ್ಗ್ ಸಾಲಿನಲ್ಲಿ ಅಂಥವು ಇವೆ. ಹೊಸ ಮರದ ವಾದ್ಯವನ್ನು ಮೊದಲ ವಾರ ದಿನಕ್ಕೆ ಐದು-ಹತ್ತು ನಿಮಿಷಕ್ಕಿಂತ ಹೆಚ್ಚು ಊದಬಾರದು. ಬ್ಲಾಕಿಗೆ ಎಣ್ಣೆ ತಾಗಲೇಬಾರದು.

ಪ್ಲಾಸ್ಟಿಕ್ಕಿಗೆ ಸೀಳುವ ಭಯವಿಲ್ಲ, ಆದರೆ ಅದು ನೀರು ಹೀರುವುದಿಲ್ಲ. ಉಸಿರಿನ ಹಬೆ ಗಾಳಿದಾರಿಯಲ್ಲಿ ಹನಿಗಟ್ಟಿ ನಾದ ಮಂಕಾಗುತ್ತದೆ, ಮುಖ್ಯವಾಗಿ ಚಳಿಗಾಲದ ಬೆಳಗ್ಗೆ. ನುಡಿಸುವ ಮೊದಲು ತಲೆಭಾಗವನ್ನು ಐದು ನಿಮಿಷ ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿ. ನಡುವೆ ಕಟ್ಟಿಕೊಂಡರೆ ಬಾಯಿಂದ ಒಳಕ್ಕೆ ಜೋರಾಗಿ ಎಳೆದುಕೊಳ್ಳಿ. ಪದೇ ಪದೇ ಹೀಗಾದರೆ ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಬೆರೆಸಿ ಗಾಳಿದಾರಿಯಲ್ಲಿ ಹರಿಸಿ, ಒರೆಸದೆ ಹಾಗೇ ಒಣಗಿಸಿ. ಆಗ ನೀರು ಹನಿಗಟ್ಟದೆ ತೆಳುವಾಗಿ ಹರಡುತ್ತದೆ. ಕಡ್ಡಿ, ಪಿನ್ನು ತೂರಿಸಬೇಡಿ. ಎದುರಿನ ಚೂಪು ಅಂಚಿಗೆ ಗೀರು ಬಿದ್ದರೆ ದುರಸ್ತಿಯಿಲ್ಲ. ಗಾಳಿಯಂತ್ರ ತಿರುಗುವ ಚಿತ್ರದುರ್ಗದ ಕಡೆ ಧೂಳು ಜಾಸ್ತಿ, ಅಲ್ಲಿ ವಾದ್ಯ ಚೀಲದೊಳಗೇ ಇರಲಿ. ಬಿಸಿಲಿಗೆ ನಿಂತ ಕಾರಿನಲ್ಲಂತೂ ಬಿಡಲೇಬೇಡಿ.

ಕೊಳವೆಯೊಳಗಿನ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶ್ರುತಿ ಸುಮಾರು 3 ಸೆಂಟ್ ಏರುತ್ತದೆ (ಒಂದು ಅರೆಸ್ವರಕ್ಕೆ 100 ಸೆಂಟ್). ಏಪ್ರಿಲ್ ಸಂಜೆಯ ಕಾರ್ಯಕ್ರಮದಲ್ಲಿ ಕೀಬೋರ್ಡಿಗಿಂತ ಮೇಲೇಳುವುದು ಇದರಿಂದಲೇ. ತಲೆಭಾಗವನ್ನು 2 ಮಿ.ಮೀ. ಹೊರಕ್ಕೆ ಎಳೆದರೆ ಕೆಳಗಿನ ‘ಎಫ್’ ಸುಮಾರು 7 ಸೆಂಟ್ ಇಳಿಯುತ್ತದೆ. ಗಿಡ್ಡ ಕೊಳವೆಯಲ್ಲಿ ಬರುವ ಮೇಲಿನ ‘ಇ’ ಸುಮಾರು 13 ಸೆಂಟ್ ಇಳಿಯುತ್ತದೆ. 3 ಮಿ.ಮೀ. ದಾಟಿದರೆ ಸ್ವರಗಳ ನಡುವಿನ ಅಂತರವೇ ಕೆಡುತ್ತದೆ. ಉಳಿದದ್ದನ್ನು ಉಸಿರು ತಗ್ಗಿಸಿಯೇ ಸರಿಮಾಡಬೇಕು.

ಪಾರ್ಸೆಲ್ ಬಿಚ್ಚಿದ ಕೂಡಲೇ ಮುಂಭಾಗದ ತೂತುಗಳನ್ನು ಮೇಲಿನಿಂದ ಎಣಿಸಿ. ಐದನೆಯದು ನಾಲ್ಕನೆಯದಕ್ಕಿಂತ ದೊಡ್ಡದಿದ್ದರೆ ಬರೋಕ್ ಬೆರಳುಗಾರಿಕೆ, ಅಂದರೆ ನಮಗೆ ಬೇಕಾದದ್ದು. ಚಿಕ್ಕದಿದ್ದರೆ 1920ರ ದಶಕದಲ್ಲಿ ಪೀಟರ್ ಹಾರ್ಲನ್ ಬಳಕೆಗೆ ತಂದ ಜರ್ಮನ್ ಪದ್ಧತಿ. ಅದರಲ್ಲಿ ಒಂದು ಸ್ವರ ಸುಲಭವಾಗಿ, ಅದರ ಪಕ್ಕದ ಅರೆಸ್ವರಗಳು ಅಪಸ್ವರವಾಗುತ್ತವೆ. ಜರ್ಮನ್ ಪದ್ಧತಿಯದಾದರೆ ವಾಪಸ್ ಕಳಿಸಿ. ಆಮೇಲೆ ಬಾಯಿಡುವ ಕಡೆಯಿಂದ ಬೆಳಕಿಗೆ ಹಿಡಿದು ಗಾಳಿದಾರಿಯೊಳಗೆ ನೋಡಿ: ಅಚ್ಚಿನ ಎಳೆಗಳು ಉಳಿದಿರಬಾರದು, ಬೆಳಕಿನ ಗೀಟು ಎರಡೂ ಬದಿಗೆ ಒಂದೇ ದಪ್ಪ ಕಾಣಬೇಕು. ಕೊನೆಗೆ ಎಲ್ಲ ತೂತು ಮುಚ್ಚಿ ಕೆಳಗಿನ ‘ಎಫ್’ ಅನ್ನು ಅತಿ ಮೆಲ್ಲಗೆ ಊದಿ ನೋಡಿ. ಸ್ವರ ತಟ್ಟನೆ ಮೇಲಿನ ಸ್ಥಾಯಿಗೆ ಹಾರಿದರೆ ಮೊದಲು ಬೆರಳು ಸರಿಯಾಗಿ ಮುಚ್ಚಿದೆಯೇ, ಕೀಲುಗಳು ಪೂರ್ತಿ ಕೂತಿವೆಯೇ ಎಂದು ನೋಡಿ. ಎರಡೂ ಸರಿಯಿದ್ದೂ ಹಾಗೇ ಆದರೆ ಆ ವಾದ್ಯ ಇಟ್ಟುಕೊಳ್ಳಬೇಡಿ.